ಎದ್ದ ಎಷ್ಟು ನಿಮಿಷಕ್ಕೆ ಮೊದಲ ಸಿಗರೇಟು?

"ಮನಸ್ಸು ಮಾಡಿದ್ರೆ ನಾಳೇನೇ ಬಿಡ್ತೀನಿ ಸಾರ್!" ಬಸ್‌ಸ್ಟ್ಯಾಂಡ್ ಗೂಡಂಗಡಿ ಪಕ್ಕ ದಿನಾ ಕೇಳುವ ಮಾತು. ನಿಜವೋ ಬೊಗಳೆಯೋ ತೂಗಲು ಒಂದು ತಕ್ಕಡಿಯಿದೆ. ಸ್ವೀಡನ್ನಿನ ಫಾಗರ್‌ಸ್ಟ್ರಾಮ್ 1978ರಲ್ಲಿ ಮಾಡಿದ್ದು. 1991ರಲ್ಲಿ ತಿದ್ದಿ ಆರು ಪ್ರಶ್ನೆಗಿಳಿಸಿದರು.

ಎದ್ದ 5 ನಿಮಿಷದೊಳಗೆ ಹಚ್ಚಿದರೆ 3 ಅಂಕ. ದಿನಕ್ಕೆ 30 ದಾಟಿದರೆ ಮತ್ತೆ 3. ಕಾಯಿಲೆ ಬಿದ್ದು ಮಲಗಿದಾಗಲೂ ಬೇಕೇ? 1 ಅಂಕ. ಒಟ್ಟು 10. ಇಲ್ಲಿ ಸೊನ್ನೆ ತೆಗೆದವನೇ ಜಾಣ!

ಬೆಳಗಿನದಕ್ಕೇಕೆ ಅಷ್ಟು ತೂಕ? ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ತಾಸಿಗೆ ಅರ್ಧವಾಗುತ್ತದೆ. ರಾತ್ರಿಯೆಲ್ಲ ಇಳಿದದ್ದನ್ನು ಮೈ ಬೆಳಿಗ್ಗೆ ಕೇಳುತ್ತದೆ. ಅಂಕ ಹೆಚ್ಚಿದ್ದವರಿಗೆ ಬರೀ ಛಲ ಸಾಲದು, ಡಾಕ್ಟರ ನೆರವೂ ಬೇಕು. 1800-11-2356ಕ್ಕೆ ಫೋನ್ ಮಾಡಿ, ಕಾಸಿಲ್ಲ.

ಅಂದಹಾಗೆ, ಈ ವರದಿಗಾರ ತೂಗಿಕೊಂಡ: 6. ನಾಳೆಯಿಂದ... ಊಹೂಂ, ಇವತ್ತೇ ಫೋನ್!