ನಂಬಿಕೆಯಿಂದಲೇ ರಕ್ಷಣೆ: ಲೂಥರ್‌ನಿಂದ ಮೈಸೂರಿನವರೆಗೆ

ದೇವರ ಕೃಪೆಯಿಂದ, ಕ್ರಿಸ್ತನಲ್ಲಿಟ್ಟ ನಂಬಿಕೆಯ ಮೂಲಕ ಮಾತ್ರ ಮನುಷ್ಯನಿಗೆ ರಕ್ಷಣೆ ಎನ್ನುತ್ತದೆ ಲೂಥರನ್ ಬೋಧನೆ. ಪಾಪದ ದಂಡನೆಗೆ ವಿನಾಯಿತಿ ಕೊಡುವ ಪತ್ರಗಳ ಮಾರಾಟವನ್ನು ಜರ್ಮನಿಯ ಮಾರ್ಟಿನ್ ಲೂಥರ್ 1517ರಲ್ಲಿ 95 ವಾದಗಳಿಂದ ಪ್ರಶ್ನಿಸಿದರು. ಅವರ ಪ್ರಕಾರ ಸತ್ಕಾರ್ಯ ರಕ್ಷಣೆಗೆ ತೆರುವ ಬೆಲೆಯಲ್ಲ, ನಂಬಿಕೆಯ ಫಲ. ನಂಬಿದವನು ದೇವರೆದುರು ನೀತಿವಂತನೆನಿಸಿದರೂ ಬದುಕಿರುವವರೆಗೆ ಪಾಪಿಯೂ ಹೌದು.

ಈ ವಿಚಾರದ ಎಳೆಯೊಂದು ಮೈಸೂರನ್ನೂ ಮುಟ್ಟಿದೆ. 1738ರ ಮೇ 24ರಂದು ಲಂಡನ್ನಿನ ಸಭೆಯೊಂದರಲ್ಲಿ, ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಓದುವಾಗ ಕೇಳುತ್ತಿದ್ದ ಇಂಗ್ಲಿಷ್ ಧರ್ಮಬೋಧಕ ಜಾನ್ ವೆಸ್ಲಿಗೆ ರಕ್ಷಣೆಯ ಭರವಸೆ ಮೂಡಿತು. ಅವರ ಮೆಥಡಿಸ್ಟ್ ಪಂಥದ ಮಿಷನರಿಗಳು 19ನೆಯ ಶತಮಾನದಲ್ಲಿ ಮೈಸೂರಿನಲ್ಲಿ ಶಾಲೆ, ಮುದ್ರಣಾಲಯಗಳನ್ನು ನಡೆಸಿದರು. ಅದೇ ಪರಂಪರೆಯ ವೆಸ್ಲಿ ಕೆಥೆಡ್ರಲ್ ಇಂದು, 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಗೆ ಸೇರಿದೆ. ಲೂಥರ್ ಬರಹದಿಂದ ಭರವಸೆ ಪಡೆದರೂ, ನಂಬಿದವನು ಪವಿತ್ರತೆಯಲ್ಲಿ ಪರಿಪೂರ್ಣತೆಯತ್ತ ಬೆಳೆಯಬೇಕೆಂಬುದಕ್ಕೆ ವೆಸ್ಲಿ ಲೂಥರ್‌ಗಿಂತ ಹೆಚ್ಚು ಒತ್ತು ಕೊಟ್ಟರು.