ಬೇಸಗೆಯ ಬಿಸಿಲೂ ಮನೆಯ ದಿನಸಿಯೂ

ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ನಮ್ಮ ನಾಡಿನ ಶಾಲೆಗಳು ಬಾಗಿಲು ಮುಚ್ಚಿದುವೆಂದರೆ, ಮೇ ತಿಂಗಳ ಕೊನೆಯವರೆಗೂ ಅಡುಗೆಮನೆಗೆ ಬಿಡುವೆಂಬುದಿಲ್ಲ. ಬೆಳಗಿನ ತಿಂಡಿ ತಿಂದು ಬೀದಿಗೆ ಓಡಿದ ಮಕ್ಕಳು ಹನ್ನೊಂದು ಗಂಟೆಗೆಲ್ಲ ಬೆವರಿ, ಹಸಿದು ಮರಳುತ್ತಾರೆ. ಮಧ್ಯಾಹ್ನದ ಊಟದ ತಟ್ಟೆಗಳು ಒಣಗುವ ಮೊದಲೇ "ಏನಾದರೂ ಕೊಡಮ್ಮ" ಎಂಬ ಕೂಗು ಕೇಳಿಸುತ್ತದೆ. ಅಕ್ಕತಂಗಿಯರ ಮಕ್ಕಳೂ ರಜಕ್ಕೆ ಬಂದು ಸೇರಿದರೆ, ತಿಂಗಳಿಗೆಂದು ತಂದ ದಿನಸಿ ಇಪ್ಪತ್ತನೆಯ ತಾರೀಖಿಗೇ ತಳ ಮುಟ್ಟುತ್ತದೆ. ಅನುಕೂಲವಂತರಿಗೆ ಇದು ಒಂದಿಷ್ಟು ಹೆಚ್ಚಿನ ಖರ್ಚು ಮಾತ್ರ. ಆದರೆ 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, ಬಳಿಕ ರಾಜ್ಯವನ್ನೆಲ್ಲ ವ್ಯಾಪಿಸಿದ ಅಕ್ಷರ ದಾಸೋಹದ ಬಿಸಿಯೂಟವನ್ನು ನೆಚ್ಚಿರುವ ಸಂಸಾರಗಳಲ್ಲಿ, ಶಾಲೆ ಮುಚ್ಚಿದೊಡನೆ ಮಗುವಿನ ಒಂದು ಹೊತ್ತಿನ ಊಟದ ಭಾರ ಸಾಮಾನ್ಯವಾಗಿ ತಾಯಿಯ ಒಲೆಗೇ ಮರಳುತ್ತದೆ. ಆದುದರಿಂದ ರಜದ ದಿನಗಳಲ್ಲಿ ದಿನಸಿಯ ಮಿತವ್ಯಯವೆಂಬುದು ಅಲ್ಪವಾದ ವಿಷಯವಲ್ಲ.

ಆ ತಿಂಗಳ ಅಂಗಡಿಯ ಚೀಟಿಯನ್ನು ಸಾವಧಾನವಾಗಿ ಓದಿ ನೋಡಿದರೆ ಒಂದು ಸಂಗತಿ ಗೋಚರಿಸುತ್ತದೆ. ಅಕ್ಕಿ, ಬೇಳೆ, ರಾಗಿಗಳ ಸಾಲು ಅಷ್ಟಾಗಿ ಬೆಳೆದಿರುವುದಿಲ್ಲ. ಬೆಳೆದಿರುವುದು ಪೊಟ್ಟಣದ ಕುರುಕಲು ತಿಂಡಿ, ಬಿಸ್ಕತ್ತು, ತಂಪು ಪಾನೀಯ ಇವುಗಳ ಸಾಲು. ಪೊಟ್ಟಣವೊಂದಕ್ಕೆ ನಾವು ತೆರುವ ಬೆಲೆಯಲ್ಲಿ ಹಿಟ್ಟಿನ ಪಾಲು ಸ್ವಲ್ಪ. ಒಣಗಿಸಿದ್ದಕ್ಕೆ, ಕೆಡದಂತೆ ಕಾಯ್ದದ್ದಕ್ಕೆ, ಕಟ್ಟಿ ಸಾಗಿಸಿದ್ದಕ್ಕೆ ಸಲ್ಲುವ ಪಾಲೇ ದೊಡ್ಡದು. ಈ ಕೆಲಸಗಳ ಪೈಕಿ ಮುಖ್ಯವಾದವನ್ನು ಬಿಸಿಲು, ಗಾಳಿ, ಉಪ್ಪು ಮತ್ತು ಕಣ್ಣಿಗೆ ಕಾಣದ ಜೀವಾಣುಗಳು ಕೂಲಿಯಿಲ್ಲದೆ ಮಾಡಿಕೊಡಬಲ್ಲುವು. ಮಕ್ಕಳ ಹಸಿವನ್ನು ಹೆಚ್ಚಿಸುವ ಆ ಬೇಸಗೆಯೇ ಅದನ್ನು ತಣಿಸುವ ಸಾಧನವನ್ನೂ ಜೊತೆಯಲ್ಲಿಯೇ ತಂದಿರುತ್ತದೆ. ಅದನ್ನು ಬಳಸುವ ವಿಧಾನವನ್ನು ನಮ್ಮ ಅಜ್ಜಿಯರು ಬಲ್ಲವರಾಗಿದ್ದರು, ಅದರ ಕಾರಣವನ್ನು ವಿಜ್ಞಾನವು ಬಲ್ಲದು.

ಆಹಾರವು ಕೆಡುವುದೇತಕ್ಕೆ? ಅದರಲ್ಲಿ ನೀರಿರುವುದರಿಂದ ಎಂದರೆ ಉತ್ತರ ಅರ್ಧ ಮಾತ್ರ ನಿಜ. ಜೇನುತುಪ್ಪದಲ್ಲಿ ಐದನೆಯ ಒಂದು ಪಾಲಿನಷ್ಟು ನೀರಿದ್ದರೂ ಅದು ಕೆಡುವುದಿಲ್ಲ. ಏಕೆಂದರೆ ಆ ನೀರು ಸಕ್ಕರೆಯೊಡನೆ ಬಂಧಿತವಾಗಿದ್ದು, ಸೂಕ್ಷ್ಮಜೀವಿಗಳ ಕೈಗೆ ಸಿಕ್ಕುವುದಿಲ್ಲ. ಎಷ್ಟು ನೀರಿದೆಯೆಂಬುದಕ್ಕಿಂತ ಎಷ್ಟು ನೀರು ಸ್ವತಂತ್ರವಾಗಿದೆಯೆಂಬುದೇ ಇಲ್ಲಿ ಮುಖ್ಯವೆಂಬ ಸಂಗತಿಯನ್ನು ಆಸ್ಟ್ರೇಲಿಯದ ವಿಜ್ಞಾನಿ ಡಬ್ಲ್ಯು. ಜೆ. ಸ್ಕಾಟ್ ಎಂಬವರು 1950ರ ದಶಕದಲ್ಲಿ ಸ್ಪಷ್ಟಪಡಿಸಿದರು. ಈ ಸ್ವಾತಂತ್ರ್ಯದ ಅಳತೆಗೆ ಜಲಸಕ್ರಿಯತೆಯೆಂದು ಹೆಸರು. ಶುದ್ಧ ಜಲದಲ್ಲಿ ಅದು 1. ಆಗತಾನೆ ಬೇಯಿಸಿದ ಅನ್ನದಲ್ಲಿ ಹೆಚ್ಚುಕಡಿಮೆ ಅಷ್ಟೇ. ಅದು 0.91ಕ್ಕಿಂತ ಇಳಿದರೆ ಆಹಾರವನ್ನು ಕೆಡಿಸುವ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಬೆಳೆಯಲಾರವು, 0.80ರ ಹೊತ್ತಿಗೆ ಸಾಮಾನ್ಯವಾದ ಬೂಷ್ಟುಗಳೂ ಸೋಲುತ್ತವೆ, 0.60ಕ್ಕಿಂತ ಕೆಳಗೆ ಯಾವ ಸೂಕ್ಷ್ಮಜೀವಿಗೂ ಬೆಳವಣಿಗೆಯಿಲ್ಲ. ಚೆನ್ನಾಗಿ ಒಣಗಿದ ಸಂಡಿಗೆ ವರ್ಷವಿಡೀ ಉಳಿಯುವ ಗುಟ್ಟು ಇದು.

ಇನ್ನು ಒಣಗಿಸುವ ಶಕ್ತಿಯ ಲೆಕ್ಕ. ಒಂದು ಕಿಲೋ ಅಕ್ಕಿಹಿಟ್ಟನ್ನು ಸಂಡಿಗೆಯ ಗಂಜಿಯಾಗಿ ಕಾಯಿಸಲು ಐದು ಲೀಟರು ನೀರು ಹಿಡಿಯಿತೆಂದು ಎಣಿಸೋಣ. ಒಂದು ಗ್ರಾಂ ನೀರು ಬಿಸಿಲಿನ ಶಾಖದಲ್ಲಿ ಆವಿಯಾಗಲು ಸುಮಾರು 580 ಕ್ಯಾಲೊರಿಗಳ ಗುಪ್ತೋಷ್ಣ ಬೇಕಾದುದರಿಂದ, ಈ ಐದು ಲೀಟರನ್ನು ಹೊರದೂಡಲು ವಿದ್ಯುತ್ತನ್ನು ಬಳಸಿದರೆ, ಕೊಂಚವೂ ಪೋಲಾಗದಿದ್ದರೂ, ಮೂರು ಯೂನಿಟ್ಟಿಗೂ ಹೆಚ್ಚು ಖರ್ಚಾದೀತು. ಈಗ ಮಾಳಿಗೆಯ ಮೇಲೆ ಹಾಸಿದ ಹಳೆಯ ನೂಲಿನ ಸೀರೆಯನ್ನು ನೋಡಿರಿ. ಅದರ ಉದ್ದ ಐದೂವರೆ ಮೀಟರು, ಅಗಲ ಒಂದು ಮೀಟರಿಗಿಂತ ತುಸು ಹೆಚ್ಚು. ಒಟ್ಟು ಆರು ಚದರ ಮೀಟರು. ನಡುಹಗಲಿನ ಸೂರ್ಯನು ಪ್ರತಿ ಚದರ ಮೀಟರಿಗೂ ಸುಮಾರು ಒಂದು ಕಿಲೋವಾಟ್ ಶಕ್ತಿಯನ್ನು ಸುರಿಸುತ್ತಾನಾದುದರಿಂದ, ಆ ಸವೆದ ಸೀರೆಯ ಮೇಲೆ ಆರು ಕಿಲೋವಾಟ್ ಬೀಳುತ್ತಿರುತ್ತದೆ. ಬೇಸಗೆಯ ಒಂದು ಹಗಲಿನಲ್ಲಿ ಬೀಳುವುದು ಮೂವತ್ತು ಯೂನಿಟ್ಟಿಗೂ ಮಿಗಿಲು. ಇದರಲ್ಲಿ ಬಹುಭಾಗ ಪ್ರತಿಫಲಿತವಾಗಿ, ಗಾಳಿಯ ಪಾಲಾಗಿ ಹೋದರೂ ಸರಿಯೇ; ಹತ್ತನೆಯ ಒಂದು ಪಾಲು ದಕ್ಕಿದರೆ ನಮ್ಮ ಕೆಲಸ ನಡೆಯಿತು.

ನಾನು ಬಾಲಕನಾಗಿದ್ದಾಗ ಅಜ್ಜಿ ಆ ಸೀರೆಯ ಮೂಲೆಗಳಿಗೆ ಕಲ್ಲು ಹೇರಿ, ಗಂಜಿಯನ್ನು ಚಮಚದಿಂದ ತೆಳುವಾಗಿ ಬಿಡುತ್ತ, ಕಾಗೆ ಕಾಯುವ ಕೆಲಸಕ್ಕೆ ನನ್ನನ್ನು ಕೂರಿಸುತ್ತಿದ್ದಳು. "ದಪ್ಪ ಬಿಟ್ಟರೆ ಒಳಗೆ ಹಸಿ ಉಳಿಯುತ್ತದೆ ಮಗು" ಎಂಬುದು ಅವಳ ಮೊದಲನೆಯ ನಿಯಮ. ಒಳಗಿನ ನೀರು ಮೇಲ್ಮೈಗೆ ಹಾದು ಬರಲು ಹಿಡಿಯುವ ಕಾಲವು ದಪ್ಪದ ವರ್ಗಕ್ಕೆ ಅನುಗುಣವಾದುದು. ದಪ್ಪ ಎರಡರಷ್ಟಾದರೆ ಕಾಲ ನಾಲ್ಕರಷ್ಟಾಗುತ್ತದೆ. "ಹೊತ್ತು ಮುಳುಗುವುದರೊಳಗೆ ಒಳಗೆ ತರಬೇಕು" ಎಂಬುದು ಎರಡನೆಯದು. ತೆರೆದಿಟ್ಟ ಆಹಾರದ ಜಲಸಕ್ರಿಯತೆಯು ಸುತ್ತಣ ಗಾಳಿಯ ಆರ್ದ್ರತೆಯೊಡನೆ ಸಮವಾಗಲು ಹವಣಿಸುತ್ತದೆ. ಬಯಲುಸೀಮೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಆ ಆರ್ದ್ರತೆ ಶೇಕಡ 30ರ ಆಸುಪಾಸಿಗೆ ಇಳಿಯುವುದುಂಟಾದರೂ, ರಾತ್ರಿ ಮತ್ತೆ ಏರುವುದರಿಂದ, ಹಗಲು ಕಳೆದುಕೊಂಡ ನೀರನ್ನು ಸಂಡಿಗೆ ಇರುಳಿನಲ್ಲಿ ಮರಳಿ ಹೀರಿಕೊಳ್ಳುತ್ತದೆ. ಮೂರನೆಯ ದಿನ ಅವಳು ಒಂದನ್ನು ನನ್ನ ಕೈಗೆ ಕೊಟ್ಟು ಮುರಿಯಹೇಳುತ್ತಿದ್ದಳು. ಬಾಗಿದರೆ ಇನ್ನೊಂದು ಬಿಸಿಲು, ಟಕ್ಕೆಂದು ಮುರಿದರೆ ಡಬ್ಬಿ. ಯಾವ ಉಪಕರಣವೂ ಇಲ್ಲದೆ ಜಲಸಕ್ರಿಯತೆಯನ್ನು ಅಳೆಯುವ ವಿಧಾನ ಇದಕ್ಕಿಂತ ಸರಳವಾದುದು ಇರಲಾರದು. ಆ ಒಣ ಚೂರಿನಲ್ಲಿಯೂ ಉಳಿದ ತುಸು ನೀರು ಕಾದ ಎಣ್ಣೆಯಲ್ಲಿ ಒಮ್ಮೆಲೇ ಆವಿಯಾಗಿ, ಸಾವಿರದ ಆರುನೂರು ಪಟ್ಟಿಗೂ ಮಿಗಿಲಾಗಿ ಹಿಗ್ಗಿ, ಮೆತ್ತಗಾದ ಪಿಷ್ಟವನ್ನು ಉಬ್ಬಿಸುತ್ತದೆ. ಹಿಡಿ ಸಂಡಿಗೆ ಬುಟ್ಟಿ ತುಂಬುವುದು ಹೀಗೆ.

ಕರಾವಳಿಯ ಗಾಳಿ ಇಷ್ಟು ಒಣಗಿದುದಲ್ಲ. ಅಲ್ಲಿಯೂ ಹಲಸಿನ ಹಪ್ಪಳ, ಮಾವಿನ ರಸದ ಮಾಂಬಳ ಬಿಸಿಲು ಕಾಣುತ್ತವೆ; ಆದರೆ ಜೊತೆಗೆ ಉಪ್ಪಿನ ಆಶ್ರಯವನ್ನೂ ಅವರು ಚೆನ್ನಾಗಿ ಅರಿತಿದ್ದಾರೆ. ಹಲಸಿನ ತೊಳೆಗಳನ್ನು ಉಪ್ಪಿನಲ್ಲಿ ಹಾಕಿಟ್ಟ ಉಪ್ಪುಸೊಳೆ ಮಳೆಗಾಲದ ತರಕಾರಿಯಾಗುತ್ತದೆ. ಉಪ್ಪು ಅಭಿಸರಣದಿಂದ ಕಾಯಿಯ ನೀರನ್ನು ಹೊರಗೆಳೆದು ತನ್ನೊಡನೆ ಬಂಧಿಸುತ್ತದೆ. ಉಪ್ಪು ಪೂರ್ತಿ ಕರಗಿ ತುಂಬಿದ ನೀರಿನ ಜಲಸಕ್ರಿಯತೆ 0.75 ಮಾತ್ರ. ಮಾವಿನಕಾಯಿಯ ಉಪ್ಪಿನಕಾಯಿಯಲ್ಲಿ ಇದಕ್ಕೆ ಹುಳಿಯೂ ಸೇರುತ್ತದೆ, ಮೇಲೆ ನಿಂತ ಎಣ್ಣೆ ಬೂಷ್ಟಿಗೆ ಬೇಕಾದ ಗಾಳಿಯನ್ನು ತಡೆಯುತ್ತದೆ. ಜಾಡಿಗೆ ಒದ್ದೆ ಸೌಟು ಹಾಕಿದ ಮಗುವನ್ನು ಹಿರಿಯರು ಗದರಿಸುತ್ತಿದ್ದುದು ಮಡಿಯ ಮಾತಷ್ಟೇ ಅಲ್ಲ. ಆ ನಾಲ್ಕು ಹನಿ ನೀರು ಉಪ್ಪನ್ನು ತೆಳುವಾಗಿಸಿದೆಡೆಯಲ್ಲಿಯೇ ಬೂಷ್ಟು ಮೊದಲು ತಲೆಯೆತ್ತುತ್ತದೆ.

ಸಂಡಿಗೆ, ಉಪ್ಪಿನಕಾಯಿಗಳು ನಾಲಿಗೆಗೆ. ಬೆಳೆಯುವ ಮೈಗೆ ಕಾಳು ಬೇಕು. ಒಣಗಿದ ಹೆಸರುಕಾಳಿನಲ್ಲಿ ಸಿ ಜೀವಸತ್ತ್ವ ಹೆಚ್ಚುಕಡಿಮೆ ಇಲ್ಲವೆನ್ನಬೇಕು. ರಾತ್ರಿ ನೆನೆಸಿ, ತೊಳೆದು, ಬಟ್ಟೆಯಲ್ಲಿ ಕಟ್ಟಿಟ್ಟರೆ ಬೇಸಗೆಯ ಸೆಕೆಗೆ ಮಾರನೆಯ ದಿನವೇ ಮೊಳಕೆಯೊಡೆದು ಆ ಸತ್ತ್ವ ತಾನಾಗಿ ಹುಟ್ಟುತ್ತದೆ. ಮೊಳೆತ ಕಾಳು ಸ್ಕರ್ವಿ ರೋಗವನ್ನು ತಡೆಯಬಲ್ಲುದೆಂದು ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಮತ್ತು ಇ. ಎಂ. ಡೆಲ್ಫ್ ಎಂಬ ವಿದುಷಿಯರು 1919ರಲ್ಲಿಯೇ ಪ್ರಕಟಿಸಿದ್ದರು. ಸೆಕೆಯಲ್ಲಿ ಇತರ ಜೀವಾಣುಗಳೂ ಬೆಳೆಯುವುದರಿಂದ, ಮೊಳಕೆಯನ್ನು ಆಗಾಗ ಶುದ್ಧ ನೀರಿನಲ್ಲಿ ತೊಳೆದು, ಮಕ್ಕಳಿಗೆ ಕೊಡುವ ಮುನ್ನ ಆವಿಯಲ್ಲಿ ತುಸು ಬೇಯಿಸುವುದು ಕ್ಷೇಮ. ರಾಗಿಯ ಮಾತೂ ಹೀಗೆಯೇ: ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ, ಅಷ್ಟೇ ತೂಕದ ಹಾಲಿನಲ್ಲಿರುವುದು ಸುಮಾರು 120, ರಾಗಿಯಲ್ಲಿ ಅದನ್ನು ಹಿಡಿದಿಡುವ ಫೈಟಿಕ್ ಆಮ್ಲವು ಮೊಳಕೆ ಬರಿಸಿದಾಗಲೂ ಹುಳಿಯಿಸಿದಾಗಲೂ ತಗ್ಗುತ್ತದೆ. ನಾಲ್ಕು ಗಂಟೆಗೆ ಮಜ್ಜಿಗೆ ಬೆರೆಸಿದ ಒಂದು ಲೋಟ ರಾಗಿ ಅಂಬಲಿ ಕುಡಿದ ಮಗು ಪೊಟ್ಟಣದ ತಿಂಡಿಯನ್ನು ಅಷ್ಟಾಗಿ ಹಂಬಲಿಸುವುದಿಲ್ಲ.

ಕೊಂಡದ್ದು ಕೆಡದಿದ್ದರೆ ಅದೂ ಗಳಿಕೆಯೇ. ಮಾಗಿದ ಬಾಳೆ, ಮಾವುಗಳು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತವಾದುದರಿಂದ ಅವುಗಳ ಪಕ್ಕದಲ್ಲಿಟ್ಟ ಸೊಪ್ಪು ಬೇಗ ಹಳದಿಗಟ್ಟುತ್ತದೆ, ಬೇರೆಬೇರೆ ಇಡಬೇಕು. ಸಂಡಿಗೆಯನ್ನು ಒಣಗಿಸುವ ಗುಪ್ತೋಷ್ಣವೇ ಮಡಕೆಯ ನೀರನ್ನು ತಣಿಸುತ್ತದೆ: ಮೇಲ್ಮೈಯಿಂದ ಹೊರಡುವ ಆವಿಯು ಶಾಖವನ್ನು ಕೊಂಡೊಯ್ಯುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯವರು 1980ರ ದಶಕದಲ್ಲಿ ಇದೇ ತತ್ತ್ವದಿಂದ, ಇಟ್ಟಿಗೆಯ ಎರಡು ಗೋಡೆಗಳ ನಡುವೆ ಮರಳು ತುಂಬಿ ನೀರು ಚಿಮುಕಿಸುವ, ವಿದ್ಯುತ್ತಿಲ್ಲದ ಶೀತಗೃಹವನ್ನು ರೂಪಿಸಿದರು. ಮನೆಯ ಮೂಲೆಯಲ್ಲಿ ಒದ್ದೆ ಗೋಣಿ ಹೊದಿಸಿದ ಬುಟ್ಟಿ ಅದರ ಕಿರಿಯ ರೂಪ. ಗಾಳಿಯಾಡುವೆಡೆಯಲ್ಲಿಟ್ಟರೆ ಬೆಂಡೆ, ಬೀನ್ಸುಗಳು ಬೇಗ ಬಾಡುವುದಿಲ್ಲ.

ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಆಹಾರ ಸಂಶೋಧನಾಲಯವು ದೇಶದ ಆಹಾರ ಹಾಳಾಗದಂತೆ ಕಾಯುವುದನ್ನೇ ವ್ರತವನ್ನಾಗಿ ಮಾಡಿಕೊಂಡಿದೆ. ಮಾಳಿಗೆಯ ಮೇಲಣ ಸೀರೆಯ ಬಳಿ ನಡೆಯುವುದೂ ಆ ಕುಲದ ಕಾರ್ಯವೇ. ಈ ಕೆಲಸವೆಲ್ಲ ಮನೆಯ ಹೆಂಗಸೊಬ್ಬಳ ತಲೆಗೇ ಬೀಳಕೂಡದು. ರಜದಲ್ಲಿ ಮನೆ ತುಂಬ ಇರುವ ಎಳೆಯ ಕೈಗಳು ಗಂಜಿ ಬಿಡಲಿ, ಕಾಳು ತೊಳೆಯಲಿ, ಸಂಡಿಗೆ ಮುರಿದು ನೋಡಲಿ. ಏತಕ್ಕೆಂದು ಕೇಳಿದಾಗ ಕಾರಣವನ್ನು ಹೇಳುವ ತಾಳ್ಮೆ ಹಿರಿಯರಿಗಿರಲಿ. ಜೂನ್ ತಿಂಗಳಲ್ಲಿ ಶಾಲೆ ತೆರೆದು, ಮುಂಗಾರು ಹಿಡಿದು, ಗಾಳಿಯ ಆರ್ದ್ರತೆ ಶೇಕಡ 80ನ್ನು ದಾಟಿದಾಗ, ಮಗುವೇ ಡಬ್ಬಿಯಿಂದ ಎರಡು ಹಿಡಿ ಸಂಡಿಗೆ ತೆಗೆದುಕೊಟ್ಟು, ಯಾರೂ ಹೇಳದೆಯೇ ಮುಚ್ಚಳವನ್ನು ಬಿಗಿಯಾಗಿ ಹಾಕಿತೆಂದರೆ, ಆ ಬೇಸಗೆಯ ಪಾಠ ಅದಕ್ಕೆ ತಿಳಿದಂತಾಯಿತು.