ಒಂದೇ ಔಷಧಿ, ಎರಡು ಟ್ಯೂಬು

ಮೆಡಿಕಲ್ ಸ್ಟೋರಿನ ಕಪಾಟಿನಲ್ಲಿ ಮೊಡವೆಗೆ ಹಚ್ಚುವ ಜೆಲ್ಲುಗಳು ಎದುರಿಗೇ ಕಾಣುವ ಹಾಗೆ ಇರುತ್ತವೆ. ಕಾಲೇಜಿನ ಹುಡುಗ ಹುಡುಗಿಯರು ಬಂದು ಹೆಸರು ಹಿಡಿದು ಕೇಳುತ್ತಾರೆ, ಹೆಸರು ಮರೆತಿದ್ದರೆ ಮೊಬೈಲಿನಲ್ಲಿ ಹಳೆಯ ಟ್ಯೂಬಿನ ಫೋಟೋ ತೋರಿಸುತ್ತಾರೆ. ಡಾಕ್ಟರ ಚೀಟಿ ಕೇಳುವ ಅಂಗಡಿಯವರು ಕಡಿಮೆ. ಇನ್ನೊಂದು ಟ್ಯೂಬು ಒಳಗಿನ ಅರೆಯಲ್ಲಿರುತ್ತದೆ, ಜೊತೆಗೆ ಪ್ಲಾಸ್ಟಿಕ್ಕಿನ ಒಂದು ಕೊಳವೆ. ಅದು ಬೇಕಾದ ಹೆಂಗಸು ಉಳಿದ ಗಿರಾಕಿಗಳು ಹೋಗಲಿ ಎಂದು ಪಕ್ಕಕ್ಕೆ ನಿಂತಿರುತ್ತಾಳೆ. ಕೊಡುವವನೂ ಅದನ್ನು ಕಾಗದದಲ್ಲಿ ಸುತ್ತಿಯೇ ಕೊಡುತ್ತಾನೆ. ಎರಡರಲ್ಲೂ ಇರುವುದು ಬಹಳ ಸಲ ಒಂದೇ ಔಷಧಿ, ಕ್ಲಿಂಡಾಮೈಸಿನ್. ಮುಖದ ಜೆಲ್ಲಿನಲ್ಲಿ ಶೇ 1ರಷ್ಟು, ಯೋನಿಯೊಳಗೆ ಹಾಕುವ ಕ್ರೀಮಿನಲ್ಲಿ ಶೇ 2ರಷ್ಟು.

ಇದು ಸೌಂದರ್ಯವರ್ಧಕಗಳ ಸಾಲಿನ ಸರಕಲ್ಲ, ಅಸಲು ಆಂಟಿಬಯೋಟಿಕ್. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ನಗರದ ಮಣ್ಣಿನಲ್ಲಿ ಸಿಕ್ಕಿದ ಒಂದು ಸೂಕ್ಷ್ಮಜೀವಿಯಿಂದ ಲಿಂಕೊಮೈಸಿನ್ ಬಂತು. 1960ರ ದಶಕದಲ್ಲಿ ಅಪ್‌ಜಾನ್ ಕಂಪನಿಯ ರಸಾಯನ ತಜ್ಞರು ಅದರ ಅಣುವಿಗೆ ಕ್ಲೋರಿನ್ ಕೂಡಿಸಿ ಇನ್ನೂ ಚುರುಕಾದ ಕ್ಲಿಂಡಾಮೈಸಿನ್ ಮಾಡಿದರು. ಮೂಳೆಯ ಸೋಂಕು, ಆಳದ ಕೀವು, ಪೆನಿಸಿಲಿನ್ ಒಗ್ಗದವರ ಸೋಂಕುಗಳಿಗೆ ಇಂದಿಗೂ ಆಸ್ಪತ್ರೆಗಳಲ್ಲಿ ಇದನ್ನು ಕೊಡುತ್ತಾರೆ. ನುಂಗುವ ಮಾತ್ರೆಯಾಗಿದ್ದರೆ ಜನ ಒಂದಿಷ್ಟು ಯೋಚಿಸುತ್ತಿದ್ದರು. ಹಚ್ಚುವುದು ತಾನೇ, ಮೇಲ್ಮೇಲೆ ತಾನೇ ಎಂಬ ಧೈರ್ಯ ಟ್ಯೂಬಿನ ಜೊತೆಗೇ ಬಂದುಬಿಡುತ್ತದೆ. ಆ ಧೈರ್ಯ ತಪ್ಪು. ಆ ಮಾತಿಗಾಗಿಯೇ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಮೊಡವೆ. ಹರೆಯದಲ್ಲಿ ಹಾರ್ಮೋನುಗಳು ಏರಿದಾಗ ಚರ್ಮದ ಎಣ್ಣೆಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ಕೂದಲು ಹುಟ್ಟುವ ರಂಧ್ರದ ಬಾಯಿಯನ್ನು ಸತ್ತ ಜೀವಕೋಶಗಳು ಮುಚ್ಚುತ್ತವೆ. ಒಳಗೆ ಜಿಡ್ಡು ಕಟ್ಟಿಕೊಳ್ಳುತ್ತದೆ. ಅಲ್ಲಿ ಮೊದಲಿನಿಂದಲೂ ಇದ್ದ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಗಾಳಿಯಿಲ್ಲದ ಆ ಜಿಡ್ಡಿನಲ್ಲಿ ಬೆಳೆಯುತ್ತದೆ, ಸುತ್ತ ಉರಿಯೂತ ಏಳುತ್ತದೆ. ಗಮನಿಸಬೇಕಾದ್ದು ಇಷ್ಟು: ಈ ಬ್ಯಾಕ್ಟೀರಿಯಾ ಹೊರಗಿನಿಂದ ಬಂದದ್ದಲ್ಲ. ಒಂದೂ ಮೊಡವೆ ಇಲ್ಲದವರ ಮುಖದಲ್ಲೂ ಇದೆ. ಮೊಡವೆಗೆ ಇರುವ ನಾಲ್ಕೈದು ಕಾರಣಗಳಲ್ಲಿ ಇದು ಒಂದು ಮಾತ್ರ. ಆಂಟಿಬಯೋಟಿಕ್ ಜೆಲ್ ಈ ಒಂದರ ಮೇಲೆ ಕೆಲಸ ಮಾಡುತ್ತದೆ, ಉರಿಯನ್ನೂ ಸ್ವಲ್ಪ ತಗ್ಗಿಸುತ್ತದೆ. ರಂಧ್ರದ ಬಾಯಿ ಮುಚ್ಚುವುದನ್ನು ಅದು ನಿಲ್ಲಿಸುವುದಿಲ್ಲ. ಆದ್ದರಿಂದಲೇ ಜೆಲ್ ಬಿಟ್ಟ ಮೇಲೆ ಮೊಡವೆ ಮತ್ತೆ ಬರುತ್ತದೆ. ಮತ್ತೆ ಬಂತೆಂದು ಇನ್ನೊಂದು ಟ್ಯೂಬು ಬರುತ್ತದೆ. ಹೀಗೆ ಪಿಯುಸಿಯಲ್ಲಿ ಹಿಡಿದದ್ದು ಡಿಗ್ರಿ ಮುಗಿದರೂ ಬಿಡುವುದಿಲ್ಲ.

ಅಷ್ಟು ಹೊತ್ತಿಗೆ ಬ್ಯಾಕ್ಟೀರಿಯಾ ಪಾಠ ಕಲಿತಿರುತ್ತದೆ. ಕ್ಲಿಂಡಾಮೈಸಿನ್ ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಸುವ ರೈಬೋಸೋಮಿಗೆ ಅಂಟಿ ಆ ಕೆಲಸವನ್ನು ತಡೆಯುತ್ತದೆ. ಅಂಟುವ ಜಾಗದಲ್ಲಿ ಒಂದು ಸಣ್ಣ ಬದಲಾವಣೆ ಆದರೆ ಸಾಕು, ಔಷಧಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಅದೇ ಜಾಗಕ್ಕೆ ಅಂಟುವ ಎರಿತ್ರೊಮೈಸಿನ್ ಕೂಡ ಬಹಳ ಸಲ ಜೊತೆಗೇ ಸೋಲುತ್ತದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೊಡವೆ ರೋಗಿಗಳ ಚರ್ಮವನ್ನು ಹತ್ತು ವರ್ಷ ಪರೀಕ್ಷಿಸುತ್ತ ಬಂದ ತಂಡಕ್ಕೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ 1991ರಲ್ಲಿ ಶೇ 34.5 ಮಂದಿಯಲ್ಲಿ ಕಂಡಿತ್ತು. 1997ಕ್ಕೆ ಅದು ಶೇ 64 ಆಗಿತ್ತು. ರೋಗಿಯ ಮನೆಯವರ ಚರ್ಮದಲ್ಲೂ ಇಂಥ ಬ್ಯಾಕ್ಟೀರಿಯಾ ಸಿಕ್ಕಿವೆ. ಅಕ್ಕ ಹಚ್ಚಿಕೊಂಡ ಜೆಲ್ಲಿನ ಫಲ ತಮ್ಮನ ಹಣೆಯ ಮೇಲೂ ಕೂರಬಹುದು.

ಮೊಡವೆಯ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಿದ್ದರೆ ಏನು ಮಹಾ ಎನ್ನಬಹುದು. ಆದರೆ ನಾವು ಹಚ್ಚುವ ಜೆಲ್ ಆ ಒಂದೇ ಬ್ಯಾಕ್ಟೀರಿಯಾವನ್ನು ಹುಡುಕಿಕೊಂಡು ಹೋಗುವುದಿಲ್ಲ. ಅದೇ ಚರ್ಮದ ಮೇಲೆ, ಮೂಗಿನ ಹೊಳ್ಳೆಯಲ್ಲಿ ಸ್ಟ್ಯಾಫಿಲೊಕಾಕಸ್ ಇದೆ. ಕುರು, ಗಾಯದ ಕೀವು, ಮಕ್ಕಳ ಮೂಳೆಯ ಸೋಂಕು ತರುವ ಬ್ಯಾಕ್ಟೀರಿಯಾ ಅದು. ನಮ್ಮ ದೊಡ್ಡ ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ 'ಡಿ ಟೆಸ್ಟ್' ಎಂಬುದನ್ನು ಮಾಡುತ್ತಾರೆ. ಸ್ಟ್ಯಾಫಿಲೊಕಾಕಸ್ ಬೆಳೆಸಿದ ತಟ್ಟೆಯಲ್ಲಿ ಎರಿತ್ರೊಮೈಸಿನ್ ಮತ್ತು ಕ್ಲಿಂಡಾಮೈಸಿನ್ ಬಿಲ್ಲೆಗಳನ್ನು ಹತ್ತಿರ ಹತ್ತಿರ ಇಡುತ್ತಾರೆ. ಕ್ಲಿಂಡಾಮೈಸಿನ್ ಸುತ್ತ ಬ್ಯಾಕ್ಟೀರಿಯಾ ಸತ್ತ ಜಾಗ ದುಂಡಗಿದ್ದರೆ ಔಷಧಿ ನಡೆಯುತ್ತದೆ. ಎರಿತ್ರೊಮೈಸಿನ್ ಕಡೆಯ ಅಂಚು ಚಪ್ಪಟೆಯಾಗಿ ಇಂಗ್ಲಿಷಿನ ಡಿ ಅಕ್ಷರದಂತೆ ಕಂಡರೆ, ಈ ಬ್ಯಾಕ್ಟೀರಿಯಾ ಚಿಕಿತ್ಸೆಯ ನಡುವೆ ತಿರುಗಿಬೀಳಬಲ್ಲದು ಎಂದರ್ಥ. ಆಗ ಡಾಕ್ಟರು ಬೇರೆ ಔಷಧಿ ಹುಡುಕಬೇಕು. 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಸಾವುಗಳಿಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣ ಎಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಂದಾಜು ಹೇಳಿತು. ಅದಕ್ಕೆಲ್ಲ ಮೊಡವೆ ಜೆಲ್ಲೇ ಹೊಣೆ ಎನ್ನಲಾಗದು. ಆದರೂ ಲಕ್ಷಾಂತರ ಮುಖಗಳು ತಿಂಗಳುಗಟ್ಟಲೆ ಇದರಲ್ಲಿ ಪಾಲು ಹಾಕುತ್ತಿವೆ.

ಹಾಗಾದರೆ ಹಚ್ಚಲೇಬಾರದೆ? ಹಚ್ಚಬಹುದು, ಒಂಟಿಯಾಗಿ ಮಾತ್ರ ಬೇಡ. ಚರ್ಮತಜ್ಞರ ಮಾರ್ಗಸೂಚಿಗಳು ಇದನ್ನು ಬೆಂಜಾಯ್ಲ್ ಪೆರಾಕ್ಸೈಡ್ ಜೊತೆಗೇ ಬಳಸಿ ಎನ್ನುತ್ತವೆ. ಆ ಪೆರಾಕ್ಸೈಡ್ ಆಮ್ಲಜನಕದ ಬಲದಿಂದ ಬ್ಯಾಕ್ಟೀರಿಯಾವನ್ನು ಸುಡುತ್ತದೆ, ಅದನ್ನು ಎದುರಿಸುವ ಉಪಾಯ ಮೊಡವೆಯ ಬ್ಯಾಕ್ಟೀರಿಯಾಕ್ಕೆ ಈವರೆಗೆ ಸಿಕ್ಕಿಲ್ಲ. ಶೇ 2.5ರದ್ದೇ ಸಾಕು, ಶೇ 10ರದ್ದು ಉರಿ ಹೆಚ್ಚಿಸುತ್ತದೆಯೇ ಹೊರತು ಗುಣ ಹೆಚ್ಚಿಸುವುದಿಲ್ಲ. ದಿಂಬಿನ ಹೊದಿಕೆಯ, ಟವೆಲಿನ ಬಣ್ಣವನ್ನು ಅದು ತಿಂದುಹಾಕುತ್ತದೆ, ಬಿಳಿಯದನ್ನೇ ಬಳಸಿ. ರಂಧ್ರ ಮುಚ್ಚದಂತೆ ನೋಡಿಕೊಳ್ಳುವ ಅಡಾಪಲೀನ್ ರಾತ್ರಿ ಹಚ್ಚಲು ಇದೆ. ಗರ್ಭಿಣಿಯರಿಗೆ ಅದು ಬೇಡ. ಆಂಟಿಬಯೋಟಿಕ್ ಮೂರು ತಿಂಗಳ ಹೊತ್ತಿಗೆ ನಿಲ್ಲಬೇಕು, ಉಳಿದವು ಮುಂದುವರಿಯಬಹುದು. ಇವುಗಳ ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಮದುವೆ ಹತ್ತಿರ ಬಂತು, ವಾರದಲ್ಲಿ ಹೋಗಬೇಕು ಎನ್ನುವವರಿಗೆ ಈ ಮಾತು ರುಚಿಸುವುದಿಲ್ಲ.

ನಮ್ಮಲ್ಲಿ ಕ್ಲಿಂಡಾಮೈಸಿನ್ ಜೊತೆ ನಿಕೋಟಿನಮೈಡ್ ಕಲಸಿದ ಜೆಲ್ಲೂ ಮಾರಾಟವಾಗುತ್ತದೆ. ನಿಕೋಟಿನಮೈಡ್ ಒಳ್ಳೆಯದೇ. 1995ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಶೇ 4ರ ನಿಕೋಟಿನಮೈಡ್ ಒಂದೇ ಶೇ 1ರ ಕ್ಲಿಂಡಾಮೈಸಿನ್ನಿಗೆ ಸಮನಾಗಿ ಕೆಲಸ ಮಾಡಿತ್ತು. ಆದರೆ ಬ್ಯಾಕ್ಟೀರಿಯಾ ಬಗ್ಗದಂತಾಗುವುದನ್ನು ತಡೆಯುವ ಪೆರಾಕ್ಸೈಡಿನ ಕೆಲಸ ಅದರಿಂದ ಆಗದು. ಇದಕ್ಕಿಂತ ಕೆಟ್ಟದ್ದು, ಮೊಡವೆಗೂ ಬಿಳುಪಿಗೂ ಒಟ್ಟಿಗೆ ಎಂದು ಸ್ಟೀರಾಯ್ಡ್ ಕಲಸಿದ ಕ್ರೀಮುಗಳನ್ನು ಹಚ್ಚುವುದು. ವಾರದಲ್ಲಿ ಮುಖ ನುಣುಪಾಗುತ್ತದೆ. ಆಮೇಲೆ ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಕೆಂಪಗೆ ಉರಿದು, ಬಿಟ್ಟರೆ ಹಿಂದಿಗಿಂತ ಜೋರಾಗಿ ಮೊಡವೆ ಏಳುತ್ತದೆ. ನಮ್ಮ ದೇಶದ ಚರ್ಮತಜ್ಞರ ಸಂಘ ಇದರ ವಿರುದ್ಧ ಒಂದು ಕಾರ್ಯಪಡೆಯನ್ನೇ ಕಟ್ಟಬೇಕಾಯಿತು.

ಇನ್ನು ಕಾಗದದಲ್ಲಿ ಸುತ್ತಿಕೊಡುವ ಟ್ಯೂಬು.

ಬಿಳಿ ಸೆರಗು ಎಂದೋ ಬಿಳುಪು ಹೋಗುತ್ತದೆ ಎಂದೋ ಹೆಂಗಸರು ಹೇಳುವುದರ ಹಿಂದೆ ಹಲವು ಕಾರಣಗಳಿರಬಹುದು. ತೆಳ್ಳಗಿನ, ತುಸು ಬೂದು ಬಣ್ಣದ ಸ್ರಾವ, ಅದರ ಜೊತೆ ಮೀನಿನಂಥ ವಾಸನೆ, ಮುಟ್ಟಿನ ನಂತರವೋ ಗಂಡನ ಜೊತೆ ಸೇರಿದ ಮೇಲೋ ಆ ವಾಸನೆ ಹೆಚ್ಚುವುದು, ಇಷ್ಟಿದ್ದರೆ ಬ್ಯಾಕ್ಟೀರಿಯಲ್ ವೆಜೈನೋಸಿಸ್ ಇರುವ ಸಾಧ್ಯತೆ ದೊಡ್ಡದು. ಡಾಕ್ಟರುಗಳು ಬಿ.ವಿ. ಎನ್ನುತ್ತಾರೆ. ಮೊಸರಿನ ಗರಣೆಯಂತೆ ದಪ್ಪಗೆ ಬಂದು ತುರಿಸಿದರೆ ಅದು ಹೆಚ್ಚಾಗಿ ಫಂಗಸ್, ಅದರ ಔಷಧಿಯೇ ಬೇರೆ. ಮೈಸೂರಿನಲ್ಲಿ ಹರೆಯದ ಹೆಂಗಸರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ 19 ಮಂದಿಗೆ ಬಿ.ವಿ. ಇತ್ತು. ಐವರಲ್ಲಿ ಒಬ್ಬಳು ಎಂದ ಹಾಗಾಯಿತು. ಇಷ್ಟು ಸಾಮಾನ್ಯವಾದದ್ದು ನಮ್ಮ ಮನೆಗಳಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳದ ವಿಷಯವಾಗಿ ಉಳಿದಿದೆ ಎಂಬುದು ನನ್ನನ್ನು ತುಂಬ ಕಾಡುತ್ತದೆ.

ಇದು ಕೊಳಕಿನಿಂದ ಬರುವ ರೋಗವಲ್ಲ. ಯೋನಿಯ ಒಳಪದರದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳು ವಾಸವಾಗಿವೆ. ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗಳ ನಂಟರು ಇವು, ಅವುಗಳಂತೆಯೇ ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಆ ಹುಳಿಯಲ್ಲಿ ಬೇರೆಯವು ಹೆಚ್ಚಲಾರವು. ಪಿಎಚ್ 4.5ಕ್ಕಿಂತ ಕೆಳಗೇ ನಿಂತಿರುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾದಾಗ ಗಾರ್ಡ್ನರೆಲ್ಲಾ ಮೊದಲಾದವು ಗುಂಪುಗುಂಪಾಗಿ ಬೆಳೆದು ಪದರ ಕಟ್ಟುತ್ತವೆ, ಹುಳಿ ಇಳಿಯುತ್ತದೆ, ವಾಸನೆ ಬರುತ್ತದೆ. ವಾಸನೆಗೆ ಹೆದರಿದ ಹೆಂಗಸು ಸೋಪು ಹಾಕಿ ಒಳಗೆಲ್ಲ ತೊಳೆಯುತ್ತಾಳೆ, ಕೆಲವರು ಬಿಸಿನೀರಿಗೆ ಆಂಟಿಸೆಪ್ಟಿಕ್ ದ್ರವವನ್ನೂ ಬೆರೆಸುತ್ತಾರೆ. ಉಳಿದಿದ್ದ ನಾಲ್ಕು ಒಳ್ಳೆಯ ಬ್ಯಾಕ್ಟೀರಿಯಾಗಳೂ ಅದರಲ್ಲಿ ಹೋಗುತ್ತವೆ. ಹೊರಗೆ ನೀರು ಸಾಕು, ಒಳಗೆ ಏನೂ ಬೇಡ.

ಗುರುತಿಸುವುದು ಕಷ್ಟವಲ್ಲ. ಪಿಎಚ್ ಕಾಗದ, ಒಂದು ತೊಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಸೂಕ್ಷ್ಮದರ್ಶಕ ಇದ್ದರೆ ಅಲ್ಲೇ ಹತ್ತು ನಿಮಿಷದಲ್ಲಿ ಹೇಳಬಹುದು. ಆಮ್ಸೆಲ್ ಮತ್ತು ಜೊತೆಗಾರರು 1983ರಲ್ಲಿ ಹೇಳಿದ ನಾಲ್ಕು ಲಕ್ಷಣಗಳಲ್ಲಿ ಮೂರು ಕಂಡರೆ ಬಿ.ವಿ. ಎಂದು ತೀರ್ಮಾನ. ಆದರೆ ಓ.ಪಿ.ಡಿ.ಯ ಸಾಲು ಉದ್ದ, ಪರೀಕ್ಷೆಗೆ ಮಲಗಲು ಹೆಂಗಸರಿಗೂ ಸಂಕೋಚ. ಆಗ ಕ್ಲಿಂಡಾಮೈಸಿನ್ನೂ ಫಂಗಸ್ಸಿನ ಕ್ಲೋಟ್ರಿಮಜೋಲೂ ಒಂದರಲ್ಲೇ ಇರುವ ಕ್ಯಾಪ್ಸೂಲನ್ನು ಬರೆದುಕೊಡುತ್ತಾರೆ, ಎರಡರಲ್ಲಿ ಯಾವುದಿದ್ದರೂ ಹೋಗಲಿ ಎಂದು. ಬೇಡದವಳಿಗೂ ಆಂಟಿಬಯೋಟಿಕ್ ಹೋಗುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಬೀಳುತ್ತದೆ. ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಎರಡು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಮಾತನಾಡಿಸಿ, ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಳಿ ಹೋಗುವ ದೂರಿಗೂ ಸೋಂಕಿಗೂ ಇರುವ ನಂಟಿಗಿಂತ ಆ ದೂರಿಗೂ ಮನಸ್ಸಿನ ಬೇಗುದಿಗೂ, ಮನೆಯ ಕಷ್ಟಕ್ಕೂ ಇರುವ ನಂಟು ಗಟ್ಟಿಯಾಗಿ ಕಂಡಿತ್ತು. ಸುಸ್ತು, ಸೊಂಟನೋವು, ಬಿಳಿ ಎಂದು ಬಂದವಳಿಗೆ ಕೆಲವು ಸಲ ಬೇಕಾದದ್ದು ಟ್ಯೂಬಲ್ಲ, ಕೂತು ಕೇಳುವ ಒಬ್ಬ ಡಾಕ್ಟರು.

ಬಿ.ವಿ. ನಿಜವಾಗಿ ಇದ್ದಾಗ ಮಾತ್ರ ಆಂಟಿಬಯೋಟಿಕ್ ಇಲ್ಲಿ ಮುಖ್ಯ ಔಷಧಿ. ಶೇ 2ರ ಕ್ಲಿಂಡಾಮೈಸಿನ್ ಕ್ರೀಮು 5 ಗ್ರಾಂ, ಮಲಗುವ ಮುನ್ನ, ಏಳು ರಾತ್ರಿ. ಇಲ್ಲವೇ ಶೇ 0.75ರ ಮೆಟ್ರೊನಿಡಜೋಲ್ ಜೆಲ್ ದಿನಕ್ಕೊಮ್ಮೆ ಐದು ದಿನ. ಇಲ್ಲವೇ ಮೆಟ್ರೊನಿಡಜೋಲ್ ಮಾತ್ರೆ ಏಳು ದಿನ. ಮೂರರ ಗುಣವೂ ಹೆಚ್ಚುಕಡಿಮೆ ಒಂದೇ, ಮಾತ್ರೆಯಿಂದ ಹೊಟ್ಟೆ ತೊಳಸುವುದು, ಬಾಯಿ ಕಹಿಯಾಗುವುದು ಹೆಚ್ಚು. ಮೂರನೆಯ ದಿನ ವಾಸನೆ ಹೋಯಿತೆಂದು ಬಿಡಬಾರದು. ಕ್ಲಿಂಡಾಮೈಸಿನ್ ಕ್ರೀಮಿನಲ್ಲಿರುವ ಎಣ್ಣೆ ರಬ್ಬರಿನ ಕಾಂಡೋಮನ್ನು ದುರ್ಬಲ ಮಾಡುತ್ತದೆ, ಮುಗಿದ ಐದು ದಿನದವರೆಗೂ ಅದನ್ನು ನಂಬಬಾರದು. ಇದನ್ನು ಅಂಗಡಿಯಲ್ಲಿ ಯಾರೂ ಹೇಳಿ ಕೊಡುವುದಿಲ್ಲ. ಮನೆಯಲ್ಲಿರುವ ಮೊಡವೆಯ ಜೆಲ್ಲಿನ ಮೇಲೂ ಅದೇ ಹೆಸರಿದೆಯೆಂದು ಅದನ್ನೇ ಅಲ್ಲಿಗೆ ಹಚ್ಚಲೇಬಾರದು. ಅದರ ಪ್ರಮಾಣ ಬೇರೆ, ಕಲಸಿರುವ ಪದಾರ್ಥ ಬೇರೆ. ಕೆಲವದರಲ್ಲಿ ಆಲ್ಕೋಹಾಲ್ ಇರುತ್ತದೆ, ಅಲ್ಲಿ ಸುಟ್ಟಂತಾಗುತ್ತದೆ. ಯಾವ ಟ್ಯೂಬನ್ನೇ ಬಳಸುವಾಗ ಆಗಲಿ, ನಂತರವಾಗಲಿ ನಿಲ್ಲದ ಭೇದಿ ಶುರುವಾದರೆ ಡಾಕ್ಟರಿಗೆ ತಿಳಿಸಬೇಕು. ಗರ್ಭಿಣಿಗೆ ಈ ಲಕ್ಷಣಗಳು ಕಂಡರೆ ತಡಮಾಡಬಾರದು, ಬಿ.ವಿ.ಗೂ ದಿನ ತುಂಬುವ ಮುನ್ನ ಹೆರಿಗೆಯಾಗುವುದಕ್ಕೂ ಸಂಬಂಧವಿದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಮತ್ತೆ ಬರುತ್ತದೆ. ಆಂಟಿಬಯೋಟಿಕ್ ಕಳೆಯನ್ನು ಕೀಳಬಲ್ಲದು, ಲ್ಯಾಕ್ಟೋಬ್ಯಾಸಿಲಸ್ಸನ್ನು ತಂದು ನೆಡಲಾರದು. ಅದನ್ನೂ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ ಮೆಟ್ರೊನಿಡಜೋಲ್ ಜೆಲ್ ಮುಗಿದ ಮೇಲೆ ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪೇಟಸ್ಸನ್ನೇ ಯೋನಿಯಲ್ಲಿ ಇಟ್ಟ ಪ್ರಯೋಗದ ಫಲ 2020ರಲ್ಲಿ ಬಂತು. ಹನ್ನೆರಡು ವಾರದಲ್ಲಿ ಮರುಕಳಿಸಿದ್ದು ಶೇ 30 ಮಂದಿಗೆ, ಬ್ಯಾಕ್ಟೀರಿಯಾ ಇಲ್ಲದ ಬರಿಯ ಪುಡಿ ಪಡೆದವರಲ್ಲಿ ಶೇ 45 ಮಂದಿಗೆ.

ಮೆಲ್ಬರ್ನಿನ ಸಂಶೋಧಕರು ಬೇರೆ ಕಡೆ ನೋಡಿದರು. ಹೆಂಡತಿಗೆ ಮದ್ದು ಕೊಟ್ಟು ಗಂಡನನ್ನು ಹಾಗೇ ಬಿಟ್ಟರೆ ಅವೇ ಬ್ಯಾಕ್ಟೀರಿಯಾ ಅವನಿಂದ ವಾಪಸು ಬರುತ್ತಿರಬಹುದಲ್ಲ? ಗಂಡಸರಿಗೆ ಬರಿ ಮಾತ್ರೆ ಕೊಟ್ಟ ಹಿಂದಿನ ಪ್ರಯೋಗಗಳು ಫಲ ಕೊಟ್ಟಿರಲಿಲ್ಲ. ಇವರು ಮಾತ್ರೆಯ ಜೊತೆ ಅದೇ ಶೇ 2ರ ಕ್ಲಿಂಡಾಮೈಸಿನ್ ಕ್ರೀಮನ್ನು ಶಿಶ್ನದ ಚರ್ಮಕ್ಕೆ ದಿನಕ್ಕೆರಡು ಸಲ, ಏಳು ದಿನ ಹಚ್ಚಿಸಿದರು. 2025ರ ಮಾರ್ಚಿನಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 164 ಜೋಡಿಗಳಿದ್ದವು. ಇಬ್ಬರೂ ಮದ್ದು ತೆಗೆದುಕೊಂಡ ಜೋಡಿಗಳಲ್ಲಿ ಹನ್ನೆರಡು ವಾರದೊಳಗೆ ಶೇ 35 ಹೆಂಗಸರಿಗೆ ಮರುಕಳಿಸಿತು. ಹೆಂಗಸರಷ್ಟೇ ತೆಗೆದುಕೊಂಡ ಕಡೆ ಶೇ 63. ವ್ಯತ್ಯಾಸ ಇಷ್ಟು ಸ್ಪಷ್ಟವಾದದ್ದರಿಂದ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು.

ಮತ್ತೆ ಮತ್ತೆ ಬಿ.ವಿ. ಬರುತ್ತಿರುವವರು ಇದನ್ನು ತಮ್ಮ ಡಾಕ್ಟರ ಹತ್ತಿರ ಕೇಳಬೇಕು. ಮನೆಯಲ್ಲಿ ಈ ಮಾತು ಎತ್ತುವುದು ಸುಲಭವಲ್ಲ ಎಂದು ಗೊತ್ತು. ನಿನಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಮೊದಲು ಹೆಂಡತಿಯ ಮೇಲೆಯೇ ಬೀಳುತ್ತದೆ. ಆದ್ದರಿಂದ ಇದನ್ನು ಅವಳಿಂದ ಹೇಳಿಸದೆ ಡಾಕ್ಟರೇ ಇಬ್ಬರನ್ನೂ ಕೂರಿಸಿ ಹೇಳಬೇಕು. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ಕುಗಳು ಇಂಥ ತೊಂದರೆಗಳಿಗೆಂದೇ ಇವೆ, ಆಪ್ತಸಮಾಲೋಚನೆಯೂ ಔಷಧಿಯೂ ಅಲ್ಲಿ ಉಚಿತ, ಗಂಡನನ್ನೂ ಕರೆದುಕೊಂಡು ಹೋಗಬಹುದು.